ಹೈಸ್ಕೂಲಿನಲ್ಲೇ ಹೊರದೇಶಕ್ಕೆ ಹೋಗಿ ಕಲಿಯಬೇಕಾ? ಮೊದಲು ಇಷ್ಟು ವಿಚಾರಿಸಿ

ಊರು ನೋಡಿಕೊಂಡು ಬರಬೇಕಾ, ಅಲ್ಲೇ ಇದ್ದು ಕಲಿಯಬೇಕಾ? ಇದನ್ನು ಮೊದಲು ತೀರ್ಮಾನ ಮಾಡಿ. ಎರಡೂ ಒಳ್ಳೆಯದೇ, ಆದರೆ ಹತ್ತು ದಿನಕ್ಕೆ ಐದು ನಗರ ಸುತ್ತಿಸುವ ಟೂರ್‌ಗೆ ಎಕ್ಸ್‌ಚೇಂಜ್ ಅಂತ ಹೆಸರಿಟ್ಟರೆ ಮೋಸ ಹೋಗಬೇಡಿ. ಅಲ್ಲಿನ ಒಂದು ಮನೆಯಲ್ಲಿದ್ದು ಅಲ್ಲಿನ ಶಾಲೆಗೆ ದಿನಾ ಹೋಗುವುದೇ ಎಕ್ಸ್‌ಚೇಂಜ್. ಸಾಧ್ಯವಾದರೆ ಒಂದಿಡೀ ಶಾಲಾ ವರ್ಷ ಹೋಗಿ. ಮೊದಲ ಕೆಲವು ತಿಂಗಳು ಭಾಷೆ, ಸಂಕೋಚದಲ್ಲೇ ಕಳೆಯುತ್ತೆ, ಸ್ನೇಹ ಕುದುರುವುದು ಆಮೇಲೆ.

ಹೀಗೆ ಕಳಿಸುವವರಲ್ಲಿ ಎಎಫ್‌ಎಸ್ ಸಂಸ್ಥೆ, ರೋಟರಿ ಕ್ಲಬ್‌ಗಳ ಯೂತ್ ಎಕ್ಸ್‌ಚೇಂಜ್ ಹಳೆಯ, ನಂಬಬಹುದಾದ ದಾರಿಗಳು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಆಂಬುಲೆನ್ಸ್ ಸ್ವಯಂಸೇವಕರ ಗುಂಪೇ ಮುಂದೆ ಎಎಫ್‌ಎಸ್ ಆಗಿದ್ದು. ಎರಡು ವರ್ಷ ಹೊರಗಿದ್ದು ಓದುವುದಾದರೆ 1962ರಲ್ಲಿ ವೇಲ್ಸ್‌ನಲ್ಲಿ ಶುರುವಾದ ಯುನೈಟೆಡ್ ವರ್ಲ್ಡ್ ಕಾಲೇಜ್ ಎಂಬ ಶಾಲೆಗಳ ಸರಣಿಯನ್ನು ನೋಡಿ, ಮನೆಯ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ. ದುಡ್ಡಿಲ್ಲ ಅಂತ ಅರ್ಜಿಯನ್ನೇ ಹಾಕದೆ ಇರಬೇಡಿ. ವಯಸ್ಸಿನ ಮಿತಿ ಮಾತ್ರ ಕಟ್ಟುನಿಟ್ಟು: ಎಕ್ಸ್‌ಚೇಂಜ್‌ಗೆ ಬರುವವರಿಗೆ ಅಮೆರಿಕ ಕೊಡುವ ಜೆ-1 ವೀಸಾದಲ್ಲಿ ಹೈಸ್ಕೂಲಿಗೆ ಹೋಗುವವರಿಗೆ ಕನಿಷ್ಠ 15, ಗರಿಷ್ಠ ಹದಿನೆಂಟೂವರೆ. ಅದಕ್ಕೇ ಒಂದು ವರ್ಷ ಮೊದಲೇ ತಯಾರಿ ಶುರುಮಾಡಿ.

ನೀವು ಅಲ್ಲಿ ಉಳಿಯುವ ಮನೆ ಯಾವುದು ಅಂತ ಗೊತ್ತಾದ ಕೂಡಲೇ ಆ ಮನೆಯವರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಿ. ಸುಮ್ನೆ ನಕ್ಕು ಮುಗಿಸಬೇಡಿ, ಬಟ್ಟೆ ಯಾರು ಒಗೆಯುತ್ತಾರೆ, ರಾತ್ರಿ ಎಷ್ಟು ಗಂಟೆಯೊಳಗೆ ಮನೆ ಸೇರಬೇಕು, ಫ್ರಿಜ್‌ನಲ್ಲಿರುವುದನ್ನು ಕೇಳದೆ ತೆಗೆದು ತಿನ್ನಬಹುದಾ ಅಂತ ನೇರವಾಗಿ ಕೇಳಿ. ಮುಜುಗರ ಅನಿಸುತ್ತೆ ನಿಜ, ಆದರೆ ಮನಸ್ತಾಪ ಬರುವುದು ಇಂಥ ಸಣ್ಣ ವಿಷಯಕ್ಕೇ ಅಲ್ವಾ? ಅಪ್ಪ ಅಮ್ಮ ಸಂಸ್ಥೆಯವರನ್ನು ಕೇಳಬೇಕಾದ್ದು ಬೇರೆ. ಮನೆಯಲ್ಲಿರುವ ದೊಡ್ಡವರ ಹಿನ್ನೆಲೆ ಪರಿಶೀಲಿಸಿದ್ದೀರಾ? ಮಗುವಿಗೆ ಅಲ್ಲಿ ಹಿಂಸೆ ಅನಿಸಿದರೆ ರಾತ್ರಿ ಹೊತ್ತಿನಲ್ಲೂ ಫೋನ್ ಎತ್ತುವವರು ಯಾರು? ಮನೆ ಬದಲಿಸಿಕೊಡುತ್ತೀರಾ? ಹಾರಿಕೆಯ ಉತ್ತರ ಬಂದರೆ ಆ ಸಂಸ್ಥೆ ಬೇಡವೇ ಬೇಡ.

ಸೇವೆಯ ಹೆಸರಿನ ಪ್ರವಾಸಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು. ಈ ಕೆಲಸ ಬೇಕು ಅಂತ ಕೇಳಿದ್ದು ಯಾರು, ನೀವು ಹೊರಟ ಮೇಲೆ ಮುಂದುವರಿಸುವವರು ಯಾರು ಅಂತ ಕೇಳಿ. ಅನಾಥಾಶ್ರಮದಲ್ಲಿ ಎರಡು ವಾರ ಮಕ್ಕಳ ಜೊತೆ ಇರುವ ಕಾರ್ಯಕ್ರಮಕ್ಕಂತೂ ಹೋಗಲೇಬೇಡಿ. ಕಾಂಬೋಡಿಯಾ, ನೇಪಾಳದ ಇಂಥ ಆಶ್ರಮಗಳಲ್ಲಿ ಅಪ್ಪನೋ ಅಮ್ಮನೋ ಬದುಕಿರುವ ಮಕ್ಕಳೇ ಹೆಚ್ಚು. ಬರುವವರ ದುಡ್ಡಿನ ಆಸೆಗೆ ಮಕ್ಕಳನ್ನು ಮನೆಯಿಂದ ಕರೆತಂದು ತುಂಬಿಸುವವರಿದ್ದಾರೆ. ಆಸ್ಟ್ರೇಲಿಯಾ ಇದನ್ನು 2018ರಲ್ಲೇ ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿತು. ಅಲ್ಲದೆ, ಹಚ್ಚಿಕೊಂಡವರೆಲ್ಲ ಎರಡೆರಡು ವಾರಕ್ಕೆ ಬಿಟ್ಟುಹೋಗುತ್ತಿದ್ದರೆ ಆ ಮಗುವಿಗೆ ಹೇಗಾಗಬೇಡ? ಅದರ ಬದಲು ಅಲ್ಲಿನ ವಿದ್ಯಾರ್ಥಿಗಳ ಜೊತೆಗೇ ಸೇರಿ, ಅವರೇ ನಡೆಸುತ್ತಿರುವ ಕೆಲಸಕ್ಕೆ ಕೈಜೋಡಿಸಿ. ಲೈಬ್ರರಿ ಪುಸ್ತಕ ಜೋಡಿಸುವುದೋ, ಸಸಿಗೆ ನೀರು ಹಾಕುವುದೋ, ಏನಾದರೂ ಸರಿ. ನಿಮಗೆ ಇಲ್ಲಿ ಮಾಡಲು ಬಾರದ ಕೆಲಸವನ್ನು, ಗಾರೆ ಕೆಲಸವಿರಲಿ ಪಾಠ ಹೇಳುವುದಿರಲಿ, ಅಲ್ಲಿ ಒಪ್ಪಿಕೊಳ್ಳಬೇಡಿ.

ಉಳಿದದ್ದು ಕಾಗದಪತ್ರ. ಪಾಸ್‌ಪೋರ್ಟ್ ಅವಧಿ, ಆರೋಗ್ಯ ವಿಮೆ, ಪೋಷಕರ ಒಪ್ಪಿಗೆ ಪತ್ರ, ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ವೈದ್ಯರ ಚೀಟಿ. ಇದಕ್ಕೆಲ್ಲ ಮುಂಚೆ ನಿಮ್ಮ ಶಾಲೆಗೆ ಹೋಗಿ, ವಾಪಸ್ ಬಂದ ಮೇಲೆ ಯಾವ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಅಲ್ಲಿನ ಅಂಕ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿ, ಬರವಣಿಗೆಯಲ್ಲೇ ಪಡೆದುಕೊಳ್ಳಿ.