ಮೊದಲ ಬೈಕು: ಕೊಳ್ಳುವ ಮುನ್ನ ಎಂಜಿನ್ ತಣ್ಣಗಿದೆಯೇ ನೋಡಿ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್. ಕಾಲೇಜು ಸೇರಿದ ಹುಡುಗರು, ಈಚೆಗೆ ಹುಡುಗಿಯರೂ, ಮೊಬೈಲಿನಲ್ಲಿ ಫೋಟೊ ತೋರಿಸಿ “ಅಣ್ಣಾ, ಈ ಗಾಡಿ ತೆಗೆದುಕೊಳ್ಳಬಹುದೇ?” ಎಂದು ಕೇಳುತ್ತಾರೆ. ಫೋಟೊ ನೋಡಿ ಎಂಜಿನ್ನಿನ ಭವಿಷ್ಯ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಆದರೆ ಒಂದು ಮಾತು ಎಲ್ಲರಿಗೂ ಹೇಳುತ್ತೇನೆ: ಓಡಿಸಲು ಬಾರದವರು ಹೊಸ ಗಾಡಿಗೆ ಸಾಲ ಮಾಡಬೇಡಿ. 100ರಿಂದ 125 ಸಿಸಿಯೊಳಗಿನ ಹಳೆಯ ಗಾಡಿ ಕೊಳ್ಳಿ. ಕಲಿಯುವಾಗ ಗಾಡಿ ಬಿದ್ದೇ ಬೀಳುತ್ತದೆ. ಇಂಡಿಕೇಟರ್ ಒಡೆಯುತ್ತದೆ, ಕ್ಲಚ್ ಲಿವರ್ ಬಾಗುತ್ತದೆ. ಹಳೆಯ ಸ್ಪ್ಲೆಂಡರ್‌ಗೆ ಅದು ಸಣ್ಣ ಖರ್ಚು.

ಮೈಸೂರಿನವರಲ್ಲಿ ಇನ್ನೊಂದು ಚಪಲವಿದೆ, ಮೊದಲ ಬೈಕೇ ಹಳೆಯ ಯೆಜ್ಡಿ ಆಗಬೇಕೆಂಬುದು. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಗಾಡಿಯಲ್ಲಿ ಕಿಕ್ಕರೇ ಗೇರಿನ ಲಿವರ್ ಕೂಡ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಬಿಡಿಭಾಗ ಹುಡುಕುತ್ತಾ ಅಲೆಯಬೇಕು. ನನಗೂ ಅದರ ಸದ್ದು ಇಷ್ಟವೇ. ಎರಡನೆಯ ಬೈಕಾಗಿ ಇಟ್ಟುಕೊಳ್ಳಿ.

ಗಾಡಿ ನೋಡಲು ಬೆಳಗ್ಗೆ ಹೋಗಿ. “ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ” ಎಂದು ಮೊದಲೇ ತಿಳಿಸಿ. ಹೋದೊಡನೆ ಎಂಜಿನ್ನಿನ ಹತ್ತಿರ ಅಂಗೈ ಹಿಡಿಯಿರಿ. ಬಿಸಿ ತಾಗಿದರೆ ಮಾರುವವರು ಆಗಲೇ ಒಂದು ಸುತ್ತು ಓಡಿಸಿದ್ದಾರೆ ಎಂದರ್ಥ. ತಣ್ಣಗಿರುವಾಗ ಮೊಂಡು ಹಿಡಿಯುವ ಗಾಡಿ ಬಿಸಿಯಾದ ಮೇಲೆ ಸಾಧುವಾಗುತ್ತದೆ, ಆದ್ದರಿಂದಲೇ ಈ ಉಪಾಯ. ಸ್ಟಾರ್ಟ್ ಮಾಡಿ ಹಿಂದೆ ನಿಂತು ಸೈಲೆನ್ಸರ್ ನೋಡಿ. ಚಳಿಯ ಬೆಳಗ್ಗೆ ಬಿಳಿ ಆವಿ ಬಂದು ಮಾಯವಾದರೆ ಚಿಂತೆಯಿಲ್ಲ. ನೀಲಿ ಛಾಯೆಯ ಹೊಗೆ ಬರುತ್ತಲೇ ಇದ್ದು, ಸುಟ್ಟ ಆಯಿಲಿನ ವಾಸನೆ ಹೊಡೆದರೆ ಒಳಗೆ ಆಯಿಲ್ ಉರಿಯುತ್ತಿದೆ. ಅದು ಎಂಜಿನ್ ಬಿಚ್ಚುವ ಕೆಲಸ, ಕೈ ಮುಗಿದು ಬನ್ನಿ.

ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಬೆರಳು ಆಡಿಸಿ, ಎಣ್ಣೆ ಅಂಟಿದರೆ ಆಯಿಲ್ ಸೀಲ್ ಹೋಗಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಹ್ಯಾಂಡಲನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ. ನಡುವೆ ಕಚ್ಚಿ ನಿಂತಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಮುಗಿದಿದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರದ) ಹಲ್ಲುಗಳು ಕುಡುಗೋಲಿನ ತುದಿಯಂತೆ ಬಾಗಿದ್ದರೆ ಚೈನ್ ಸೆಟ್ ಬದಲಿಸಬೇಕು. ಇವೆಲ್ಲ ಸರಿಪಡಿಸಬಹುದಾದವು, ಬೆಲೆ ಇಳಿಸಲು ಮಾತ್ರ ಬಳಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 3519 ಎಂದಿದ್ದರೆ 2019ರ 35ನೆಯ ವಾರದಲ್ಲಿ ತಯಾರಾದದ್ದು. ತುಂಬಾ ಹಿಂದಿನದಾದರೆ, ಹೊರಗಿನ ಗೀರುಗಳು ಎಷ್ಟೇ ಆಳವಿರಲಿ, ರಬ್ಬರಿಗೆ ವಯಸ್ಸಾಗಿರುತ್ತದೆ.

ಕಾಗದಪತ್ರದಲ್ಲಿ ಸಂಕೋಚ ಬೇಡ. ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರನ್ನು ಒಂದೊಂದೇ ಅಕ್ಷರವಾಗಿ ಆರ್‌ಸಿಯೊಂದಿಗೆ (ನೋಂದಣಿ ಪತ್ರದೊಂದಿಗೆ) ಹೋಲಿಸಿ. ನೋಂದಣಿಯ ಅವಧಿ 15 ವರ್ಷ, ಅದು ಮುಗಿಯುತ್ತಾ ಬಂದಿದೆಯೇ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರಂ 35 ಕೈಗೆ ಬರದೆ ಹಣ ಕೊಡಬೇಡಿ. ಗಾಡಿ ಕೈ ಬದಲಿಸುವ ಫಾರಂ 29 ಮತ್ತು 30ಕ್ಕೆ ಮಾರುವವರಿಂದ ಎದುರಿಗೇ ಸಹಿ ಹಾಕಿಸಿಕೊಂಡು ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಬಾಕಿ ದಂಡ ಎಲ್ಲವನ್ನೂ ಅದೇ ದಿನ ನೋಡಿಬಿಡಿ.

ಹೆಲ್ಮೆಟ್ಟಿಗೆ ಮೊದಲೇ ದುಡ್ಡು ತೆಗೆದಿಡಿ. ಐಎಸ್‌ಐ ಗುರುತು, ಐಎಸ್ 4151 ಎಂಬ ಬರಹ ಇರಬೇಕು. ತೊಟ್ಟು, ಪಟ್ಟಿ ಬಿಗಿದು, ಹೆಲ್ಮೆಟ್ ಹಿಡಿದು ಅಲ್ಲಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಸರಿದರೆ ಅಳತೆ ಸರಿಯಿದೆ. ರಸ್ತೆ ಬದಿಯ ಟೋಪಿಗಳು ದಂಡ ತಪ್ಪಿಸಲಷ್ಟೇ, ಅದೂ ಎಲ್ಲ ಸಲ ಅಲ್ಲ.

ಹದಿನೆಂಟು ತುಂಬಿದವರು ಸರ್ಕಾರದ ಸಾರಥಿ ಪೋರ್ಟಲಿನಲ್ಲಿ ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸಿಗೆ) ಅರ್ಜಿ ಹಾಕಬಹುದು. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆ. ಅಲ್ಲಿಯವರೆಗೆ ಗಾಡಿಗೆ ಕೆಂಪು ‘ಎಲ್’ ಇರಲಿ. ಹಿಂದೆ ಕೂರಬಹುದಾದವರು ಲೈಸೆನ್ಸ್ ಇದ್ದು ನಿಮಗೆ ಕಲಿಸುವವರು ಮಾತ್ರ, ಗೆಳೆಯರಲ್ಲ.

ಇನ್ನು ಕಲಿಕೆ. ಊರಾಚೆಯ ಹೊಸ ಬಡಾವಣೆಗಳಲ್ಲಿ ಟಾರು ಹಾಕಿ, ಮನೆ ಮಾತ್ರ ಎದ್ದಿರದ ರಸ್ತೆಗಳಿರುತ್ತವೆ. ಬೆಳಗ್ಗೆ ಅಲ್ಲಿಗೆ ಹೋಗಿ. ಮೊದಲು ಎಂಜಿನ್ ಆಫ್ ಮಾಡಿ ಗಾಡಿಯನ್ನು ತಳ್ಳಿಕೊಂಡು ನಡೆದಾಡಿ, ಅದರ ತೂಕ ಕೈಗೆ ಗೊತ್ತಾಗಲಿ. ಗೇರು ಎಲ್ಲ ಗಾಡಿಗೂ ಒಂದೇ ತರಹ ಅಲ್ಲ: ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಕೆಳಕ್ಕೆ ಒತ್ತಿದರೆ ಬೀಳುತ್ತವೆ, ಪಲ್ಸರ್‌ನಲ್ಲಿ ಒಂದನೆಯದು ಕೆಳಗೆ, ಉಳಿದವು ಮೇಲೆ.

ಆಮೇಲೆ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರು ಹಾಕಿ. ಆ್ಯಕ್ಸಿಲರೇಟರ್ ಮುಟ್ಟಬೇಡಿ. ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ನಿನ ಸದ್ದು ತುಸು ಕುಗ್ಗುತ್ತದೆ, ಗಾಡಿ ಮುಂದಕ್ಕೆ ವಾಲುತ್ತದೆ. ಅಲ್ಲೇ ಕೈ ತಡೆಯಿರಿ, ಇದೇ ಹಾಫ್ ಕ್ಲಚ್. ಗಾಡಿ ತಾನೇ ನಡೆಯುತ್ತದೆ, ನೀವು ಕಾಲು ನೆಲಕ್ಕೆ ತಾಗಿಸುತ್ತಾ ಜೊತೆಗೆ ನಡೆಯಿರಿ. ಮತ್ತೆ ಕ್ಲಚ್ ಹಿಡಿಯಿರಿ, ನಿಲ್ಲಿ. ಇದನ್ನು ಬೇಸರ ಬರುವವರೆಗೆ ಮಾಡಿ. ಹಾಫ್ ಕ್ಲಚ್ ಕೈಗೆ ಹತ್ತದೆ ಆ್ಯಕ್ಸಿಲರೇಟರ್ ತಿರುಗಿಸಿದವರೇ ಚರಂಡಿಗೆ ಇಳಿಯುವುದು.

ಆರ್‌ಟಿಒ ಪರೀಕ್ಷೆಯಲ್ಲಿ ‘ಎಂಟು ಹಾಕುವುದಕ್ಕೂ’, ಅಂದರೆ ಕಾಲೂರದೆ 8ರ ಆಕಾರದಲ್ಲಿ ಓಡಿಸುವುದಕ್ಕೂ, ಇದೇ ಸಾಕು. ಹಾಫ್ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಹಗುರ ಪಾದ, ಕಣ್ಣು ಮುಂದಿನ ತಿರುವಿನ ಮೇಲೆ. ಚಕ್ರ ನೋಡಿಕೊಂಡು ಕೂತರೆ ಕಾಲು ನೆಲಕ್ಕೆ ಬರುತ್ತದೆ.

ನೇರ ರಸ್ತೆಯಲ್ಲಿ ನಿಲ್ಲಿಸುವ ಬಲ ಹೆಚ್ಚಿರುವುದು ಮುಂದಿನ ಬ್ರೇಕಿಗೇ. ಹೆದರಿ ಬಿಟ್ಟುಬಿಡಬೇಡಿ, ಎರಡನ್ನೂ ಒಟ್ಟಿಗೆ, ಹಂತ ಹಂತವಾಗಿ ಒತ್ತಿ. ಆದರೆ ಸುಗ್ಗಿಯ ಕಾಲದಲ್ಲಿ ಹಳ್ಳಿಯ ಕಡೆ ಹೋದರೆ ಹುರುಳಿ, ರಾಗಿಯನ್ನು ರಸ್ತೆಯಲ್ಲೇ ಹರಡಿರುತ್ತಾರೆ. ಅದರ ಮೇಲೆ ಹತ್ತುವ ಮೊದಲೇ ವೇಗ ಇಳಿಸಿ. ಹತ್ತಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ, ವಾಲಬೇಡಿ, ಹ್ಯಾಂಡಲ್ ನೇರವಾಗಿಟ್ಟು ದಾಟಿಕೊಳ್ಳಿ. ಚಾಮುಂಡಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಹಾಕುವವರನ್ನು ಅನುಕರಿಸಬೇಡಿ. ಎರಡನೇ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ.