ರಾಡ್ ಪಂಪಿಗೆ ಎಷ್ಟು ಪ್ರತಿಭಾರ ಬೇಕು?

ತೈಲಬಾವಿಯ ರಾಡ್ ಪಂಪಿನಲ್ಲಿ ನೆಲದ ಮೇಲಿನ ಯಂತ್ರವು ಉದ್ದನೆಯ ಉಕ್ಕಿನ ರಾಡುಗಳ ಮೂಲಕ ಬಾವಿಯೊಳಗಿನ ಪ್ಲಂಜರನ್ನು (ಕೊಳವೆಯೊಳಗೆ ಜಾರುವ ಪಿಸ್ಟನ್) ಮೇಲೆ-ಕೆಳಗೆ ಆಡಿಸುತ್ತದೆ. ಮೇಲೇಳುವಾಗ ಅದು ರಾಡುಗಳ ತೂಕವನ್ನೂ ಪ್ಲಂಜರಿನ ಮೇಲಿರುವ ದ್ರವದ ಭಾರವನ್ನೂ ಹೊರುತ್ತದೆ. ಇಳಿಯುವಾಗ ದ್ರವದ ಭಾರ ಕೆಳಗಿನ ಸ್ಥಿರ ಕವಾಟಕ್ಕೆ ಹೋಗುವುದರಿಂದ ರಾಡುಗಳ ತೂಕವಷ್ಟೇ ಉಳಿಯುತ್ತದೆ. ಆದ್ದರಿಂದ ರಾಡುಗಳ ಪೂರ್ತಿ ತೂಕದ ಜೊತೆಗೆ ದ್ರವಭಾರದ ಅರ್ಧದಷ್ಟನ್ನು ಪ್ರತಿಭಾರವು (ಯಂತ್ರದ ತಿರುಗುವ ತೋಳಾದ ಕ್ರ್ಯಾಂಕಿನ ಮೇಲಿನ ಕೌಂಟರ್‌ವೇಟುಗಳು) ಸರಿದೂಗಿಸಿದರೆ, ಎರಡೂ ದಿಕ್ಕಿನಲ್ಲಿ ಮೋಟಾರಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕೆಲಸ ಬೀಳುತ್ತದೆ.

ಮೊದಲು ರಾಡುಗಳ ತೂಕ. ಮುಕ್ಕಾಲು ಇಂಚಿನ ಉಕ್ಕಿನ ರಾಡು ಮೀಟರಿಗೆ ಸುಮಾರು 2.43 ಕೆಜಿ ತೂಗುತ್ತದೆ; ಪಂಪು 1,000 ಮೀಟರ್ ಆಳದಲ್ಲಿದ್ದರೆ 2,430 ಕೆಜಿ. ದ್ರವದ ಸಾಪೇಕ್ಷ ಸಾಂದ್ರತೆ 0.9 ಆಗಿದ್ದರೆ ತೇಲುವಿಕೆಯ ಅಂಶ 1 − 0.128 × 0.9, ಅಂದರೆ 0.885, ದ್ರವದಲ್ಲಿ ಮುಳುಗಿದ ರಾಡುಗಳ ತೂಕ ಸುಮಾರು 2,150 ಕೆಜಿ.

ಲೆಕ್ಕ ಹೆಚ್ಚಾಗಿ ತಪ್ಪುವುದು ದ್ರವಭಾರದಲ್ಲಿ. ಇಲ್ಲಿ ಎಣಿಸಬೇಕಾದದ್ದು ಪಂಪಿನ ಆಳವನ್ನಲ್ಲ, ಪಂಪು ನಡೆಯುತ್ತಿರುವಾಗ ಕೇಸಿಂಗಿನೊಳಗೆ (ಬಾವಿಯ ಹೊರಕೊಳವೆ) ದ್ರವದ ಮಟ್ಟ ನೆಲದಿಂದ ಎಷ್ಟು ಕೆಳಗಿದೆ ಎಂಬುದನ್ನು. ಆ ಮಟ್ಟ 800 ಮೀಟರಿನಲ್ಲಿದ್ದು ಪ್ಲಂಜರ್ 1.75 ಇಂಚಿನದಾದರೆ (15.5 ಚದರ ಸೆಂಟಿಮೀಟರ್) ಭಾರ ಸುಮಾರು 1,120 ಕೆಜಿ, ಅದರ ಅರ್ಧ 560. ಬಾವಿಬಾಯಿಯಲ್ಲಿ ಟ್ಯೂಬಿಂಗ್ (ದ್ರವ ಮೇಲೆ ಬರುವ ಒಳಕೊಳವೆ) ಒತ್ತಡ ಗಮನಾರ್ಹವಾಗಿದ್ದರೆ ಅದನ್ನೂ ಸೇರಿಸಬೇಕು. ಸಾಂಪ್ರದಾಯಿಕ ಮಾದರಿಯ ಯಂತ್ರಕ್ಕೆ ಒಟ್ಟನ್ನು 1.06ರಿಂದ ಗುಣಿಸುವುದು ರೂಢಿ: 2,710 × 1.06, ಸುಮಾರು 2,870 ಕೆಜಿ. ದ್ರವಭಾರಕ್ಕೆ ಪಂಪಿನ ಪೂರ್ತಿ 1,000 ಮೀಟರ್ ಆಳವನ್ನೇ ಹಿಡಿದಿದ್ದರೆ 150 ಕೆಜಿ ಹೆಚ್ಚು ಬರುತ್ತಿತ್ತು.

ಈ 2,870 ಕೆಜಿ ಪಾಲಿಶ್ಡ್ ರಾಡಿನ (ರಾಡುಸಾಲಿನ ಮೇಲ್ತುದಿಯ ನುಣುಪು ರಾಡು) ಬಳಿ ಬೇಕಾದ ಬಲವೇ ಹೊರತು ಕ್ರ್ಯಾಂಕಿನ ಮೇಲೆ ಇಡಬೇಕಾದ ತೂಕವಲ್ಲ. ತಯಾರಕರ ಪಟ್ಟಿಯಲ್ಲಿರುವ ಯಂತ್ರದ ಸ್ವಂತ ಅಸಮತೋಲನವನ್ನು, ಧನವಾಗಿದ್ದರೆ (ಅಂದರೆ ಪ್ರತಿಭಾರಕ್ಕೆ ನೆರವಾಗುವಂತಿದ್ದರೆ), ಕಳೆದು ಸ್ಟ್ರೋಕಿನ (ರಾಡು ಒಮ್ಮೆ ಏರುವ ದೂರ) ಅರ್ಧದಿಂದ ಗುಣಿಸಿದರೆ ಬೇಕಾದ ತಿರುಚುಬಲ ಸುಮಾರಾಗಿ ಸಿಗುತ್ತದೆ: ಅಸಮತೋಲನ 100 ಕೆಜಿ, ಸ್ಟ್ರೋಕು 2 ಮೀಟರ್ ಆಗಿದ್ದರೆ ಸುಮಾರು 2,770 ಕೆಜಿ-ಮೀಟರ್. ಪಟ್ಟಿಯ ಪ್ರಕಾರ ಕೌಂಟರ್‌ವೇಟುಗಳನ್ನು ಕ್ರ್ಯಾಂಕಿನ ಮೇಲೆ ಸರಿಸಿ ಇದಕ್ಕೆ ಹೊಂದಿಸಬೇಕು. ಬ್ರೇಕನ್ನಷ್ಟೇ ನಂಬದೆ, ವಿದ್ಯುತ್ ಕಡಿದು ಬೀಗ ಹಾಕಿ, ಕ್ರ್ಯಾಂಕನ್ನು ಬಿಗಿದ ನಂತರವೇ ಬೋಲ್ಟು ಸಡಿಲಿಸಬೇಕು.

ಕೊನೆಗೆ ಕ್ಲಾಂಪ್ ಮೀಟರಿನಿಂದ ಎರಡೂ ಸ್ಟ್ರೋಕಿನ ಗರಿಷ್ಠ ಕರೆಂಟನ್ನು ಹೋಲಿಸಬೇಕು. ಏರುವಾಗ ಹೆಚ್ಚಿದ್ದರೆ ತೂಕಗಳನ್ನು ಕ್ರ್ಯಾಂಕಿನ ತುದಿಯತ್ತ, ಇಳಿಯುವಾಗ ಹೆಚ್ಚಿದ್ದರೆ ಅಕ್ಷದತ್ತ ಸರಿಸಬೇಕು. ಮೋಟಾರು ವಿದ್ಯುತ್ತನ್ನು ಹಿಂದಕ್ಕೆ ಕೊಡುವಾಗಲೂ ಈ ಮೀಟರು ಕರೆಂಟನ್ನಷ್ಟೇ ತೋರಿಸುತ್ತದೆ, ದಿಕ್ಕನ್ನಲ್ಲ; ಹಾಗಾಗಿ ಹೋಲಿಕೆ ದಾರಿ ತಪ್ಪಿಸಬಹುದು. ಅನುಮಾನವಿದ್ದರೆ ಡೈನಮೋಮೀಟರ್ (ಪಾಲಿಶ್ಡ್ ರಾಡಿನ ಮೇಲಿನ ಭಾರವನ್ನು ಅಳೆಯುವ ಸಾಧನ) ಅಳತೆಯೇ ಮೇಲು. ಹೊಸದಾಗಿ ಪಂಪು ಹಾಕಿದ ಬಾವಿಯಲ್ಲಿ ದ್ರವಮಟ್ಟ ಇಳಿಯುತ್ತ ಹೋದಂತೆ ದ್ರವಭಾರವೂ ಏರುವುದರಿಂದ, ಮಟ್ಟ ಒಂದೆಡೆ ನಿಂತ ಮೇಲೆ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.