ಮದ್ದು ಹೊಡೆಯುವಾಗ ಕನ್ನಡಕ ಹಣೆಗೇರದಿರಲು

ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು (ಬೋರ್ಡೋ ದ್ರಾವಣ) ಹೊಡೆಯುವಾಗ ಕಣ್ಣಿಗೆ ಕುತ್ತು ಶುರುವಾಗುವುದೇ ಸುಣ್ಣದ ಹತ್ತಿರ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಟ್ಟ ಸುಣ್ಣಕ್ಕೆ ಒಮ್ಮೆಲೇ ನೀರು ಸುರಿದರೆ ಕೊತಕೊತ ಕುದಿದು ಸಿಡಿಯುತ್ತದೆ. ನಾವು ಹಿಂದಿನ ಸಂಜೆಯೇ ಕಬ್ಬಿಣದ ಬಾನಿಯಲ್ಲಿ ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿಡುತ್ತೇವೆ. ಕದಡಲು ಉದ್ದ ಕೋಲು. ಕನ್ನಡಕ ಆಗಲೇ ಕಣ್ಣಮೇಲಿರಬೇಕು.

ಕಳೆ ಕತ್ತರಿಸುವ ಯಂತ್ರದ ಜೊತೆ ಬರುವ ಜಾಲರಿ ಕನ್ನಡಕ ಇದಕ್ಕೆ ಆಗದು, ಹನಿ ಸೀದಾ ಒಳಗೆ ಬರುತ್ತದೆ. ಮುಖಕ್ಕೆ ಸುತ್ತಲೂ ಕೂರುವ, ಗಾಳಿಕಿಂಡಿಗಳಿಗೆ ಮರೆಯಿರುವ ಗಾಗಲ್ ಬೇಕು. ಇಎನ್ 166 (ಕಣ್ಣಿನ ರಕ್ಷಣೆಯ ಯುರೋಪಿಯನ್ ಮಾನದಂಡ) ಗುರುತಿನದಾದರೆ ಚೌಕಟ್ಟಿನ ಮೇಲೆ 3 ಎಂಬ ಅಂಕಿ ನೋಡಿ. ದ್ರವದ ಸಿಡಿತ ತಡೆಯುತ್ತದೆ ಎಂದರ್ಥ.

ಕೊಂಡ ಗಾಗಲ್ ಅರ್ಧ ಗಂಟೆಯಲ್ಲಿ ಹಣೆಗೇರಲು ಕಾರಣ ಮಬ್ಬು. ಮಳೆಗಾಲದ ತೇವದ ಜೊತೆಗೆ ಮೂಗಿಗೆ ಬಿಗಿದ ಟವೆಲ್ಲೂ ಸೇರುತ್ತದೆ, ಉಸಿರೆಲ್ಲ ಮೇಲಕ್ಕೇ ನುಗ್ಗುತ್ತದೆ. ಟವೆಲ್ ಬಿಟ್ಟು ಮೂಗಿನ ಮೇಲೆ ತಂತಿ ಒತ್ತುವ ಮಾಸ್ಕ್ ಹಾಕಿದರೆ ಅರ್ಧ ತೊಂದರೆ ಕಡಿಮೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯನ್ನು ಗಾಜಿನ ಒಳಬದಿಗೆ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಆದರೂ ಒಬ್ಬೊಬ್ಬರಿಗೆ ಎರಡೆರಡು ಗಾಗಲ್ ಇಡುವುದೇ ಒಳ್ಳೆಯದು.

ದೋಟಿಯಲ್ಲಿ (ಉದ್ದನೆಯ ಗಳು) ನೆಲದಿಂದಲೇ ಹೊಡೆಯುವವರು ತಲೆಯೆತ್ತಿಯೇ ಇರುತ್ತಾರೆ. ಮರದ ಬುಡಕ್ಕೆ ಅಂಟಿ ನಿಂತರೆ ಅಡಿಕೆ ಗೊನೆಯಿಂದ ಇಳಿದ ಮದ್ದೆಲ್ಲ ಮುಖಕ್ಕೇ. ಗಾಳಿ ಬೆನ್ನಿಗೆ ಬರುವಂತೆ ಹಿಂದೆ ಸರಿದು ನಿಲ್ಲಬೇಕು. ನಾಜಲ್ ಕಟ್ಟಿಕೊಂಡಾಗ ಇನ್ನೂ ಜೋಪಾನ: ಪಂಪ್ ನಿಲ್ಲಿಸಿದರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಕಾಕ್ ತೆರೆದು ನೆಲಕ್ಕೆ ಬಿಟ್ಟು, ಆಮೇಲೆ ನಾಜಲ್ ತಿರುಗಿಸುವುದು. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿದ್ದರೆ ಈ ರಗಳೆಯೇ ಕಡಿಮೆ.

ಕಣ್ಣಿಗೆ ಬಿದ್ದೇಬಿಟ್ಟರೆ ಉಜ್ಜಬಾರದು. ಸುಣ್ಣ ಕ್ಷಾರ, ತಡವಾದಷ್ಟೂ ಒಳಗೆ ಇಳಿಯುತ್ತದೆ. ತೋಟಕ್ಕೆ ಒಯ್ದ 5 ಲೀಟರ್ ಕ್ಯಾನಿನಿಂದ ಆ ಕ್ಷಣವೇ ಶುರುಮಾಡಿ, ಮನೆಯ ನಲ್ಲಿಯಲ್ಲಿ ಮುಂದುವರಿಸಿ 20 ನಿಮಿಷವಾದರೂ ತೊಳೆಯಬೇಕು. ಮೇಲಿನ ರೆಪ್ಪೆಯಡಿ ಸುಣ್ಣದ ಕಣ ಸಿಕ್ಕಿಕೊಂಡಿರುತ್ತದೆ, ರೆಪ್ಪೆ ಎತ್ತಿಯೇ ನೀರು ಬಿಡಬೇಕು. ಎದೆಹಾಲು, ಹರಳೆಣ್ಣೆ, ಮನೆಯಲ್ಲುಳಿದ ಹಳೆಯ ಡ್ರಾಪ್ಸ್ ಯಾವುದೂ ಬೇಡ. ಕಣ್ಣಿನ ಡಾಕ್ಟರಿಗೆ ಮೊದಲ ಮಾತಲ್ಲೇ ಸುಣ್ಣ ಬಿದ್ದದ್ದು ಎಂದು ಹೇಳಿ.